ಮನೆಪಟ್ಟಿ

ಗೇಟಿನ ಪಕ್ಕ ಕೆಂಪು ಶಾಯಿಯಲ್ಲಿ ನಂಬರು ಬರೆದು
ಕೂಗುತ್ತೇನೆ: ಅಮ್ಮಾ, ಜನಗಣತಿ.
ಕೆರೆಕೋಡಿ ಬಡಾವಣೆ, ಮೂರನೇ ಕ್ರಾಸು.
ಬೇಸಿಗೆ ರಜೆ ಅಂದರೆ ಮೇಷ್ಟ್ರುಗಳಿಗೆ ಇದೇ.

ಇಪ್ಪತ್ತಕ್ಕೆ ಮೂವತ್ತರ ಸೈಟು,
ಅದರ ಮೇಲೆ ಐದು ಮಹಡಿ, ಮಹಡಿಗೆರಡು ಬಾಗಿಲು.
ಕೊನೇ ಬಾಗಿಲ ಹೊರಗೆ ಹನ್ನೊಂದು ಜೊತೆ ಚಪ್ಪಲಿ.
ಒಳಗೆ ಎಷ್ಟು ಜನ?
ಮೂವರೇ ಸಾರ್. ಓನರಿಗೆ ಹೇಳಬೇಡಿ,
ನೀರಿನ ದುಡ್ಡು ತಲೆಗಿಷ್ಟು ಅಂತ ಹಾಕ್ತಾರೆ.
ಮೂರು, ಬರೆಯುತ್ತೇನೆ.
ಚಪ್ಪಲಿಗಳು ನನ್ನನ್ನೇ ನೋಡುತ್ತವೆ.

ಕುಡಿಯುವ ನೀರಿನ ಮೂಲ?
ಕೆಳಮನೆ ಪಿಳ್ಳಕ್ಕ ನಗುತ್ತಾಳೆ.
ಮೂಲ ಕೇಳ್ತೀರಾ? ಅದರ ಮೇಲೇ ನಿಂತಿದ್ದೀರಲ್ಲ.
ನನ್ನ ಕಾಲಡಿ ಟೈಲ್ಸು, ಕೆಳಗೆ ಕಾಂಕ್ರೀಟು,
ಅದರ ಕೆಳಗೆ ಲಾರಿಗಟ್ಟಲೆ ತಂದು ಸುರಿದ ಒಡೆದ ಗೋಡೆಗಳು,
ಅದಕ್ಕೂ ಕೆಳಗೆ
ಅವಳು ಮದುವೆಯಾಗಿ ಬಂದ ವರ್ಷ ಸೀರೆ ಒಗೆದ ಬಂಡೆ.
ತೂಬಿನ ಕಲ್ಲು ಮಾತ್ರ ಉಳಿದಿದೆ, ಕೇಬಲ್ಲಿನವರು ತಂತಿ ಸುತ್ತಿದ್ದಾರೆ.
"ಆವಾಗ ಕೆರೆ ಕೋಡಿ ಬಿದ್ರೆ ನೋಡಕ್ಕೆ ಜನ ಬರೋರು.
ಈಗ ಜನಾನೇ ಕೋಡಿ ಬಿದ್ದವ್ರೆ,
ನೋಡಕ್ಕೆ ನೀರು ಬರಲ್ಲ."

ಮೊದಲ ಬೋರು ಇನ್ನೂರು ಅಡಿ.
ಆಮೇಲಿನದು ಆರುನೂರು.
ಹೋದ ಮಾರ್ಚಿನಲ್ಲಿ ಸಾವಿರದ ಮುನ್ನೂರಕ್ಕೆ
ವಿಭೂತಿಯಂಥ ಧೂಳು ಎದ್ದು ಇಡೀ ಬೀದಿಯ ಹಣೆಗೆ ಬಳಿಯಿತು.
ನಮೂನೆಯಲ್ಲಿ ಮಹಡಿಗೆ ಜಾಗ ಇದೆ, ಅಡಿಗೆ ಇಲ್ಲ.

ನೂರಾ ಹನ್ನೆರಡನೇ ನಂಬರು ನನ್ನದೇ ಮನೆ.
ಮೇಲಿನ ಮಹಡಿ ಹೊಸದು, ಬಾಡಿಗೆಗೆ.
ನೀರಿನ ದುಡ್ಡು ತಲೆಗೆ ಇನ್ನೂರು.
ಯಾರನ್ನೂ ಕೇಳದೆ ತುಂಬಿಸಿ, ಪುಟ ತಿರುಗಿಸಿದೆ.

ಕೊನೆಗೆ ತಗಡಿನ ಶೆಡ್ಡುಗಳು. ದೇವದುರ್ಗದ ಶಿವಲೀಲಾ,
ತುಂಬಿದ ಬಸುರಿ, ತಲೆಯ ಮೇಲಿನ ಸಿಂಬಿ ಇಳಿಸಿ
ಹೊಟ್ಟೆ ತೋರಿಸುತ್ತಾಳೆ: ಇದನ್ನೂ ಬರ್ಕೋರಿ ಸರ.
ಹುಟ್ಟಿದ ಮೇಲೆ, ತಾಯಿ.
ಹುಟ್ಟೂದ್ರಾಗ ಮೋಲ್ಡಿಂಗ್ ಮುಗೀತದ್ರಿ,
ಆಮ್ಯಾಲ ನಾವೆಲ್ಲೋ.

ಬಾಯಾರಿದ್ದು ಮುಖದಲ್ಲಿ ಕಂಡಿರಬೇಕು.
ಲೋಟ ಹಿಡಿದು ನೀಲಿ ಡ್ರಮ್ಮಿಗೆ ಬಗ್ಗಿದಳು,
ಹೊಟ್ಟೆ ಅಡ್ಡ ಬರುತ್ತಿತ್ತು.
ತಳ ಕೆರೆಯುವ ಸದ್ದು.
ಮೂರು ದಿನ ಅಲೆದ ಈ ಬಡಾವಣೆಯಲ್ಲಿ
ಕೆರೆ ಎಂಬ ಮಾತಿಗೆ
ಉಳಿದಿದ್ದು ಆ ಒಂದೇ ಅರ್ಥ.

ಕುಡಿದೆ. ಪೂರ್ತಿ ಕುಡಿಯಲಾಗಲಿಲ್ಲ.
ಉಳಿದ ಗುಟುಕನ್ನು ಅವಳು ಚೆಲ್ಲಲಿಲ್ಲ,
ಮತ್ತೆ ಡ್ರಮ್ಮಿಗೇ ಸುರಿದು
ಮುಚ್ಚಳದ ಮೇಲೆ ಇಟ್ಟಿಗೆ ಇಟ್ಟಳು.