ಕೆಳಗು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಇಪ್ಪತ್ತೆಂಟು ವರ್ಷ ತೂಕ ಹಾಕಿದ ಪ್ಯಾರೇಜಾನ್ ಸಾಬರು
ನಮ್ಮ ಕಾಲೇಜಿನ ಲ್ಯಾಬಿಗೆ ಬಂದರು,
ಚಪ್ಪಲಿ ಹೊರಗೆ ಬಿಟ್ಟು.

ನಾಲ್ಕು ಅಯಸ್ಕಾಂತ, ಚೌಕಾಬಾರದ ಮನೆಗಳ ಹಾಗೆ ಒತ್ತಿಕೊಂಡು.
ಮೇಲೆ ಗ್ರಾಫೈಟಿನ ಒಂದು ಚೂರು,
ಏನನ್ನೂ ಮುಟ್ಟದೆ.
ನಡುವೆ ಬಸ್ ಟಿಕೇಟು ತೂರಿಸಿ ನೋಡಿದರು.
ತೂರಿತು.

‘ತೂಕ ಎಲ್ಹೋಯ್ತು ಮೇಡಂ?’

ಹೋಗಿಲ್ಲ, ಅಂದೆ.
ಇದಕ್ಕಿಂತ ಸಾವಿರ ಪಾಲು ದೊಡ್ಡ ಯಂತ್ರಗಳಿವೆ,
ನೀರಿನ ಹನಿ ತೇಲುತ್ತೆ, ಕಪ್ಪೆಮರಿ ಕೂಡ.
ಕೆಳಗಿನಿಂದ ಯಾರೋ ಎತ್ತಿ ಹಿಡಿದಂತಲ್ಲ,
ಒಳಗಿನ ಕಣಕಣಕ್ಕೂ ಅದರದರ ಆಸರೆ;
ನೆಲ ಬಿಡದೆಯೇ ಅಂತರಿಕ್ಷ.

ಅವರು ತಲೆಯಾಡಿಸಲಿಲ್ಲ.
ಕ್ರೇಟು ಎತ್ತೆತ್ತಿ ಬಲ ಹೆಗಲು
ಎಡಕ್ಕಿಂತ ಒಂದಿಂಚು ಇಳಿದದ್ದು
ಹಾಗೇ ನಿಂತಿತ್ತು.

‘ಅದರೊಳಗೆ ಹಣ್ಣುಹುಳ ಬಿಟ್ರೆ?
ಮೊದಲನೇ ಎಳೆ ಎಲ್ಲಿಗೆ ಕಟ್ಟುತ್ತೆ
ಕೆಳಗು ಅನ್ನೋದೇ ಇಲ್ದಿದ್ರೆ?’

ನನಗೆ ಗೊತ್ತಿರಲಿಲ್ಲ.
ಗೊತ್ತಿರುವವಳ ಹಾಗೆ
ಸುಣ್ಣದ ತುಂಡಿನಲ್ಲಿ ಬಾಣದ ಗುರುತು ಎರಡು ಎಳೆದೆ,
ಒಂದು ಮೇಲಕ್ಕೆ, ಒಂದು ಕೆಳಕ್ಕೆ.

ಅವರು ಜೇಬಿನಿಂದ ಗೂಡೊಂದು ತೆಗೆದು
ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು.
ಒಳಗೆ ಪ್ಯೂಪ ಟಕ್ ಅಂತು.

‘ಕೆಳಗು ಇಲ್ಲಿದೆ,’ ಅಂದರು.