ಗುಂಡಿ ಹಾಕಿ ತೋರಿಸಿ

ಆರನೇ ಸುತ್ತು. ಹನಿ ಬಿಡುವ ಮೊದಲು
ಕೇಳಬೇಕಾದ್ದನ್ನೆಲ್ಲ ಕೇಳಬೇಕು.

ತೂಕ ಐವತ್ತೊಂದೂವರೆ.
ಚಪ್ಪಲಿ ಬಿಡದೆ ಹತ್ತಿ ನಿಂತಿದ್ದರು, ಬಿಡಿಸಿದೆ.
ಜ್ವರ ಇಲ್ಲ.
ಬಾಯಿ ತೆರೆಯಿರಿ. ನಾಲಿಗೆಯ ಅಂಚಿಗೆ
ಅಕ್ಕಿಕಾಳಿನಷ್ಟು ಬಿಳಿ ಹುಣ್ಣು.
"ನಿನ್ನೆ ಖಾರ ತಿಂದ್ನಿ, ಅದರದು."
ತಿಂದಿಲ್ಲ, ಅನ್ನುತ್ತದೆ ತೂಕ.

ಹೊರಗೆ ರೂವಿಯ ಬೀದಿಗೆ ನಲವತ್ತಾರು ಡಿಗ್ರಿ.
ಕಾರಿನ ಬಾಗಿಲು ಮುಟ್ಟಿದರೆ ಬೊಬ್ಬೆ.
ಒಳಗೆ ಈ ಮನುಷ್ಯ
ಉಣ್ಣೆಯ ಕೈಗವಸು ತೊಟ್ಟು ಕೂತಿದ್ದಾರೆ.
ಈ ಔಷಧದ ಗುಣವೇ ಅದು:
ತಣ್ಣಗಿದ್ದದ್ದು ಮುಟ್ಟಿದರೆ ಮುಳ್ಳು,
ಕುಡಿದರೆ ಗಂಟಲಲ್ಲಿ ಗಾಜು.
ಊರಿಗೆ ಊರೇ ತಂಪು ಹುಡುಕಿ ಓಡುವಾಗ
ಫ್ರಿಜ್ಜಿನ ಬಾಗಿಲಿಗೆ ಹೆದರುವ ಒಬ್ಬ.

ನೋವು ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ.
"ಇಂಚಿನ್ಯಾಗ ಹೇಳಿದ್ರ ನಡಿತೈತೇನ್ರಿ?"

ಪುಂಡಲೀಕ ಸಿಂಪಿ. ಗುಳೇದಗುಡ್ಡ.
ಮೊದಲೆರಡು ಸುತ್ತು ನಾವಿಬ್ಬರೂ ಹಿಂದಿಯವರೇ.
ಮೂರನೆಯದರಲ್ಲಿ ಬಕೆಟ್ಟಿಗೆ ಬಾಗಿ
"ಯವ್ವಾ" ಅಂದರು.
ಬೆನ್ನು ಸವರುತ್ತಿದ್ದ ನಾನು, ಮುದಗಲ್ಲಿನ ರೆಜಿನಾ,
"ಅತ್ರಿ, ಪೂರಾ ಹೋಗ್ಲಿ" ಅಂದೆ.
ಅಷ್ಟೇ ಪರಿಚಯ.

ಇಪ್ಪತ್ತೆರಡು ವರ್ಷ ಈ ಊರಿನ ಗಂಡಸರ ಹೆಗಲನ್ನು
ಟೇಪು ಹಿಡಿಯದೆ ಕಣ್ಣಲ್ಲೇ ಅಳೆದವರು.
ದಿಶ್‌ದಾಶಾದ ಕೊರಳಿಂದ ಇಳಿಬೀಳುವ ಸಣ್ಣ ಕುಚ್ಚು,
ಅತ್ತರಿನಲ್ಲಿ ಅದ್ದುತ್ತಾರಲ್ಲ,
ಅದನ್ನು ಹೆಣೆಯುವುದರಲ್ಲಿ ಎತ್ತಿದ ಕೈ.
ಈಗ ಕಾರಿಡಾರಿನಲ್ಲಿ ಅತ್ತರು ಹಾದು ಹೋದರೂ
ಮುಖ ಗೋಡೆಗೆ ತಿರುಗುತ್ತದೆ.

ಬೆರಳಲ್ಲಿ ಜೋಮು?
"ಏನಿಲ್ರಿ."
ಪಾದದಲ್ಲಿ?
"ಬರೋಬ್ಬರಿ ಅದೀನಿ, ಬರಕೊಳ್ರಿ."

ಫಾರಮ್ಮಿಗೆ ಬಾಯಿಮಾತು ಸಾಲದು.
ಮೇಲಿನ ಗುಂಡಿ ಹಾಕಿ ತೋರಿಸಿ.

ಕೈಗವಸು ತೆಗೆದರು, ಒಂದೊಂದೇ ಬೆರಳು ಬಿಡಿಸಿ.
ಕಾಜಾ ಅಲ್ಲೇ ಇದೆ, ಗುಂಡಿ ಇಲ್ಲೇ ಇದೆ,
ನಡುವೆ ಬೆರಳು ಕತ್ತಲಲ್ಲಿ ಬಾಗಿಲು ತಡಕುತ್ತಿದೆ.
ನಾನು ಗಡಿಯಾರ ನೋಡುತ್ತಿಲ್ಲ ಎಂಬಂತೆ
ಗಡಿಯಾರ ನೋಡಿದೆ.
ಆಗ ಕಂಡದ್ದು
ತೋರುಬೆರಳ ತುದಿಗೆ ಮೂರು ಕಪ್ಪು ಚುಕ್ಕಿ.
ಎಳ್ಳು ಅಂಟಿದೆಯೇನೋ ಎಂದು ಒರೆಸಿದೆ. ಹೋಗಲಿಲ್ಲ.

ಸೂಜಿ ಯಾವಾಗ ಚುಚ್ಚಿತು?
ಯಾರದೋ ಬೆರಳು ನೋಡುವವರ ಹಾಗೆ ನೋಡಿದರು.
"ಬಿಳಿ ಬಟ್ಟಿ ಕೆಂಪಾದಾಗ ಗೊತ್ತಾತು.
ಮದುವಿ ಅಂಗಿ ಅದು.
ರಾತ್ರಿಯೆಲ್ಲ ತೊಳದ್ನಿ, ಬಿಸಿನೀರಾಗ.
ಬಿಸಿನೀರಿಗೆ ರಗತ ಹೋಗಂಗಿಲ್ಲ ಅಂತ
ನನಗ ಗೊತ್ತಿಲ್ಲಂತ ಅಲ್ಲ.
ತಣ್ಣೀರು ಮುಟ್ಟಲಿಕ್ಕೆ ಆಗ್ಲಿಲ್ಲ."

ಆಮೇಲೆ, ಸ್ವರ ತಗ್ಗಿಸಿ:
"ಬರೀಬ್ಯಾಡ್ರಿ.
ಬರದ್ರ ಡಾಕ್ಟರು ಔಷಧ ಕಡಿಮಿ ಮಾಡ್ತಾರ.
ಕಡಿಮಿ ಮಾಡಿದ್ರ ಒಳಗಿಂದು ಬೆಳಿತೈತಿ."

ಬರೆಯದಿದ್ದರೆ ಬೆರಳು ಸಾಯುತ್ತದೆ.
ಅದನ್ನು ನಾನು ಹೇಳಲಿಲ್ಲ,
ಅವರು ಕೇಳಲೂ ಇಲ್ಲ.

ಬರೆದೆ. ಎರಡನೇ ದರ್ಜೆ. ಸೂಕ್ಷ್ಮ ಕೆಲಸಕ್ಕೆ ಅಡ್ಡಿ.
ರಕ್ತದ ವರದಿ ಮತ್ತೊಮ್ಮೆ ನೋಡಬೇಕು.
ಔಷಧದ ಚೀಲ ಟ್ರೇಯಲ್ಲಿ ಹಾಗೇ ಬಿದ್ದಿದೆ,
ಡಾಕ್ಟರ ಫೋನು ಬರುವವರೆಗೆ.

ಕಾಯುವಾಗ, ಕೇಳದೆಯೇ, ಅವರೆಂದರು:
"ನಿಮ್ಮ ಎಡಗಡೆ ಹೆಗಲು ಅರ್ಧ ಇಂಚು ಇಳದೈತಿ.
ಹ್ವಾದ ತಿಂಗಳು ಇದ್ದಿದ್ದಿಲ್ಲ.
ಒಂದ ಕಡೆ ಭಾರ ಎತ್ತಬ್ಯಾಡ್ರಿ ಸಿಸ್ಟರ್."

ನೆಟ್ಟಗೆ ನಿಂತೆ.
ಅವರ ಬೆರಳು ಮತ್ತೆ ಕೊರಳಿಗೆ ಹೋಯಿತು.
ಸಹಾಯ ಮಾಡಬೇಕು ಅನ್ನಿಸಿತು, ಮಾಡಲಿಲ್ಲ.
ಗುಂಡಿ ಇನ್ನೂ ಹೊರಗೇ ಇತ್ತು
ಫೋನು ಹೊಡೆದುಕೊಂಡಾಗ.