ಹದಿನಾಲ್ಕನೆಯ ಫಲಕ

ಎರಡು ತಗಡು, ಒಂದೊಂದೂ ಒಂದೂವರೆ ಮಿಲಿಮೀಟರು,
ನಡುವೆ ಅಂಕುಡೊಂಕು ಮಡಿಸಿದ ಇನ್ನೊಂದು.
ಲೇಸರಿನ ಸೂಜಿ ಮೇಲಿನಿಂದ ಇಳಿದು
ಮೂರನ್ನೂ ಹೊಲಿದಿದೆ, ದಾರವಿಲ್ಲದೆ.
ಒಳಗೆಲ್ಲ ಬಹುಪಾಲು ಗಾಳಿ.
ಇಬ್ಬರು ಸೇರಿ ಎತ್ತಿಬಿಡಬಹುದು.
ಇಂಥವುಗಳ ಮೇಲೆ ಹಡಗಿನದೊಂದು ಅಂತಸ್ತು ನಿಲ್ಲಬೇಕು,
ಅಲ್ಲಿ ಜನ ಕುಣಿಯಬೇಕು, ಕುಡಿದು ಮಲಗಬೇಕು,
ಕೆಳಗಿನ ಅಲೆ ಹಡಗಿನ ಬೆನ್ನು ಹಿಡಿದು ಬಗ್ಗಿಸುವಾಗ
ಯಾರಿಗೂ ಎಚ್ಚರವಾಗಬಾರದು.

ರೌಮಾ ಬಂದರಿನ ಹಿಂದೊಂದು ಪ್ರಯೋಗಶಾಲೆ, ಮಾರ್ಚ್ ತಿಂಗಳು.
ಬಾಗಿಲಾಚೆ ಸಮುದ್ರ ಇನ್ನೂ ಬಿಳಿ.
ವೇಯೊ ಹಕ್ಕರೈನೆನ್ ಕೈಗವಸು ಕಳಚಿ
ಫಲಕದ ಮೇಲೆ ಅಂಗೈ ಸವರುತ್ತ ಹೋದ,
ಒಂದು ಕಡೆ ನಿಂತ.
ಫೋರ್ಕ್‌ಲಿಫ್ಟಿನ ಕೊಂಬು ತಾಗಿದ ತಗ್ಗು,
ಹೆಬ್ಬೆರಳು ಕೂರುವಷ್ಟು.

‘ತೆಗೆದುಹಾಕಿ,’ ಎಂದಳು ಸೈಮಿ ಉಸ್ಕಾಲಿ,
‘ಇಲ್ಲಿಂದಲೇ ಶುರುವಾಗುತ್ತದೆ, ಲೆಕ್ಕ ಕೆಡುತ್ತದೆ.’
‘ಹಡಗಿನಲ್ಲೂ ಕೊಂಬು ತಾಗುತ್ತದೆ,’ ಎಂದ ಅವನು,
‘ಅಳೆದು ಬರೆದುಕೋ.’
ಅಳೆದಳು. ಒಂದು ದಶಾಂಶ ಎರಡು. ಬರೆದುಕೊಂಡಳು.

ಬಳುಕು ಎಂದೊಡನೆ ನಮಗೆ ನಡು ನೆನಪಾಗುತ್ತದೆ, ಬಳ್ಳಿ ನೆನಪಾಗುತ್ತದೆ.
ಇಲ್ಲಿ ಹಾಗಲ್ಲ.
ಇಷ್ಟರವರೆಗೆ ನೇರ, ಇಷ್ಟರಾಚೆ ಅಲ್ಲ;
ನಡುವೆ ಹೊಸ್ತಿಲಿದೆ, ಬಾಗಿಲಿಲ್ಲ.
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತೇವೆ,
ತಗಡಿಗೆ ಎಲ್ಲಿಯ ಬಾಲ್ಯ?

ಜಾಕು ನರಳಿತು. ಎರಡು ತುದಿಯಿಂದಲೂ ಒತ್ತು.
ನೂರು. ಇನ್ನೂರೈವತ್ತು. ನಾನೂರು ಕಿಲೋನ್ಯೂಟನ್.
ಎದುರುಬದುರು ಮುಖಕ್ಕೆ ಅಂಟಿಸಿದ ಎರಡು ಮಾಪಕ
ಪರದೆಯ ಮೇಲೆ ಎರಡು ಗೆರೆ ಎಳೆಯುತ್ತಿದ್ದವು,
ಒಂದರ ಮೇಲೊಂದು, ಒಂದೇ ಅನ್ನುವಷ್ಟು.
ಸೈಮಿಯ ಕಣ್ಣು ಗೆರೆಯ ಮೇಲೆ.
ವೇಯೊನ ಕಣ್ಣು ತಗಡಿನ ಮೇಲೂ ಅಲ್ಲ,
ತಗಡಿನೊಳಗೆ ಬಿದ್ದ ಸೂರಿನ ಟ್ಯೂಬ್‌ಲೈಟಿನ ಮೇಲೆ.
ಎಡಗಿವಿ ಅವನದು ಗ್ರೈಂಡರಿಗೆ ಹೋಗಿ ಇಪ್ಪತ್ತು ವರ್ಷ.
ಬಲಗಿವಿಯನ್ನು ಗಾಜಿನ ತಡೆಗೆ ತಿರುಗಿಸಿ ನಿಂತಿದ್ದ.

ನಾನೂರ ತೊಂಬತ್ತು.
‘ಈಗ,’ ಎಂದ.
‘ಏನೂ ಇಲ್ಲ,’ ಎಂದಳು.
ಆಮೇಲೆ ಟಿಣ್ ಎಂದಿತು,
ಚಮಚ ಲೋಟಕ್ಕೆ ತಾಗಿದಷ್ಟೇ.
ಜೊತೆಯಾಗಿ ಇಳಿಯುತ್ತಿದ್ದ ಎರಡು ಗೆರೆಗಳಲ್ಲಿ
ಒಂದು ನಿಂತಿತು, ಯೋಚಿಸಿದಂತೆ,
ಬಂದ ದಾರಿಯಲ್ಲೇ ವಾಪಸು ಹೊರಟಿತು.
ಇನ್ನೊಂದು ತಿರುಗಿಯೂ ನೋಡದೆ ಇಳಿಯಿತು.
ಅಲ್ಲಿಯತನಕ ನೇರವಾಗಿದ್ದ ಟ್ಯೂಬ್‌ಲೈಟು
ತಗಡಿನಲ್ಲಿ ಹಾವಾಯಿತು.

ಏಳು ಅಲೆ. ಉಬ್ಬು, ತಗ್ಗು, ಉಬ್ಬು.
ಎಲ್ಲವೂ ಆ ಕಡೆಯ ತುದಿಯಲ್ಲಿ,
ಗೀರು ಕೂಡ ಇಲ್ಲದ, ಕನ್ನಡಿಯಂಥ ತುದಿಯಲ್ಲಿ.
ಕೊಂಬು ತಾಗಿದ ಜಾಗ
ತನ್ನ ಪಾಡಿಗೆ ಭಾರ ಹೊತ್ತು ನಿಂತಿತ್ತು.

ಸೈಮಿ ಕುರ್ಚಿ ಎಳೆದುಕೊಂಡು ಕೂತಳು.
ಅವಳ ಮಾದರಿಯಲ್ಲಿ ತಗ್ಗಿತ್ತು, ತಗ್ಗಿನ ಆಕಾರವಿರಲಿಲ್ಲ.
ಯಾವ ಅಲೆ ಬರಬೇಕೋ ಅದರ ಅಳತೆಗೆ ಹೊಂದದ ಪೆಟ್ಟು
ಅಲೆಯನ್ನು ಕರೆಯುವುದಿಲ್ಲ, ಕೆಲವೊಮ್ಮೆ ತಡೆದೂಬಿಡುತ್ತದೆ.
ಇದು ಅವಳಿಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು
ಅಂಕವನ್ನೂ ತೆಗೆದುಕೊಂಡಿದ್ದಳು.

‘ಇಳಿಸು,’ ಎಂದಳು.
ವೇಯೊ ಕವಾಟ ತಿರುಗಿಸಿದ.
ಐನೂರ ಹತ್ತು, ಮುನ್ನೂರು, ನೂರು, ಸೊನ್ನೆ.
ಅಲೆಗಳು ಒಂದೊಂದಾಗಿ ತಗಡಿನೊಳಗೆ ಹಿಂದೆ ಸರಿದವು.
ಟ್ಯೂಬ್‌ಲೈಟು ಮತ್ತೆ ಗೆರೆ.
ಬಳುಕಿದ್ದಕ್ಕೆ ಸಾಕ್ಷಿ ಆ ಎರಡು ಗೆರೆ,
ಮತ್ತೆ ವೇಯೊನ ಬಲಗಿವಿ.
ತಗ್ಗು ಮಾತ್ರ ಇದ್ದಲ್ಲೇ ಇತ್ತು.

ಮಧ್ಯಾಹ್ನ ಮತ್ತೆ ಒತ್ತಬೇಕು, ಈ ಸಲ ಕುಸಿಯುವವರೆಗೆ.
ಬಳುಕಿದ ಮೇಲೂ ಅದು ಬಹಳ ಹೊತ್ತು ಹೊರುತ್ತದೆ:
ನಡುವಿನ ತಗಡು ಕೈಬಿಟ್ಟ ಭಾರವನ್ನು
ಬೆಸುಗೆಯ ಅಂಚುಗಳು ಹಂಚಿಕೊಳ್ಳುತ್ತವೆ.
ಎಷ್ಟು ಹೊತ್ತು ಎಂಬುದಕ್ಕೇ ಸೈಮಿಗೆ ಸಂಬಳ.

ಇಬ್ಬರೂ ಹೊರಗೆ ಬಂದು ಕಾಫಿ ಹಿಡಿದು ನಿಂತರು.
ಕಟ್ಟೆಗೆ ಒತ್ತಿಕೊಂಡ ಹಿಮದ ಹಾಸು
ರಾತ್ರಿ ಯಾವಾಗಲೋ ಮಡಚಿ ಮೇಲೆದ್ದಿತ್ತು,
ಯಾರೂ ಅಳೆಯದೆ.
ವೇಯೊ ಎಣಿಸಿದ: ‘ಮೂರು.’
ಸೈಮಿ ತಾನೂ ಎಣಿಸಿದಳು.
‘ಮೂರೂವರೆ,’ ಎಂದಳು.